ಒತ್ತುವ ಮೊದಲು ನಾಲ್ಕು ಅಂಚು ನೋಡಿ

ಕಲಬುರಗಿಯಲ್ಲಿ ಮದುವೆ ಫೋಟೊ ತೆಗೆದೇ ಹೊಟ್ಟೆ ಹೊರೆದವನು ನಾನು. ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸುತ್ತಿ ಬಳಸಿ ಒಂದೇ ಕಡೆ ಬರುತ್ತವೆ: ಯಾವ ಕ್ಯಾಮೆರಾ ತಗೊಳ್ಳಲಿ? ಇರೋದರಲ್ಲೇ ತೆಗೆಯಿರಿ. ಹೇಗೆ ಅಂತ ಕೆಳಗೆ ಹೇಳಿದ್ದೇನೆ.

ಪ್ರಶ್ನೆ: ನಮ್ಮೂರಿನ ಗವಾನ್ ಮದರಸಾ (ಹಳೇ ಕಾಲದ ವಿದ್ಯಾಲಯ) ಮುಂದೆ ನಿಂತು ಎಷ್ಟು ಸಲ ತೆಗೆದರೂ ಕಟ್ಟಡ ಹಿಂದಕ್ಕೆ ಬೀಳುತ್ತಿರುವ ಹಾಗೆ ಬರುತ್ತದೆ. ಕಣ್ಣಿಗೆ ಕಂಡಷ್ಟು ದೊಡ್ಡದಾಗಿಯೂ ಕಾಣಲ್ಲ. ನನ್ನದು ಸಾಧಾರಣ ಫೋನ್. ಸಾಲ ಮಾಡಿಯಾದರೂ ದೊಡ್ಡ ಕ್ಯಾಮೆರಾ ತಗೊಳ್ಳಲಾ ಸರ್? (ಕಾಲೇಜು ವಿದ್ಯಾರ್ಥಿನಿ, ಬೀದರ್)

ಬೇಡ ತಂಗಿ. ಸಾಲದ ಕ್ಯಾಮೆರಾದಲ್ಲೂ ಅದು ಹಾಗೇ ಬೀಳುತ್ತದೆ.

ನೀವು ಹತ್ತಿರ ನಿಂತು ಫೋನ್ ಮೇಲಕ್ಕೆ ಎತ್ತುತ್ತಿದ್ದೀರಿ. ಹಾಗೆ ಎತ್ತಿದ ಕೂಡಲೇ ನೆಟ್ಟಗಿರುವ ಗೋಡೆಗಳು ಮೇಲೆ ಹೋಗ್ತಾ ಹೋಗ್ತಾ ಒಂದಕ್ಕೊಂದು ವಾಲುತ್ತವೆ. ಹಿಂದಕ್ಕೆ ನಡೆಯಿರಿ, ಫೋನನ್ನು ಗೋಡೆಯ ಹಾಗೆ ನೆಟ್ಟಗೆ ಹಿಡಿಯಿರಿ. ಕೆಳಗೆ ಖಾಲಿ ನೆಲ ಜಾಸ್ತಿ ಬಂತಾ? ಬರಲಿ, ಆಮೇಲೆ ಕತ್ತರಿಸಬಹುದು. ಹಿಂದೆ ಜಾಗ ಇಲ್ಲ ಅಂತ ಫೋನಿನ ಅಗಲ ಲೆನ್ಸಿಗೆ, ಅಂದರೆ 0.6ಕ್ಕೆ ಹಾಕಿ ಮೇಲಕ್ಕೆ ತಿರುಗಿಸಿದರೆ ಇನ್ನೂ ಕೆಡುತ್ತದೆ, ಅಲ್ಲಿ ವಾಲುವುದು ಎದ್ದು ಕಾಣುತ್ತದೆ.

ದೊಡ್ಡದು ಕಾಣಬೇಕಾದರೆ ಪಕ್ಕದಲ್ಲಿ ಸಣ್ಣದೇನಾದರೂ ಬೇಕು. ಗೆಳತಿಯನ್ನು ನಿಮ್ಮ ಮುಂದೆ ನಿಲ್ಲಿಸಬೇಡಿ, ಆಗ ಅವಳೇ ಮಿನಾರಿಗಿಂತ ಎತ್ತರ ಕಾಣುತ್ತಾಳೆ. ಗೋಡೆಯ ಬುಡದವರೆಗೆ ನಡೆದುಹೋಗಲು ಹೇಳಿ. ಅವಳು ಹೆಬ್ಬೆರಳಷ್ಟು ಕಂಡಾಗ ಕಟ್ಟಡ ತನ್ನಷ್ಟಕ್ಕೆ ತಾನೇ ಬೆಳೆಯುತ್ತದೆ.

ಇನ್ನೊಂದು ಮಾತು. ಆ ಮದರಸಾ 1472ರದು. ಮುಂದಿನ ಎರಡು ಮಿನಾರುಗಳಲ್ಲಿ ಈಗ ಉಳಿದಿರುವುದು ಒಂದೇ. 17ನೇ ಶತಮಾನದ ಕೊನೆಯಲ್ಲಿ ಸಿಡಿಮದ್ದು ಸ್ಫೋಟಿಸಿ ಮುಂಭಾಗ ಕುಸಿಯಿತು. ಹೀಗಿರುವಾಗ ಎಲ್ಲರೂ ನಟ್ಟನಡುವೆ ನಿಂತು ಎಡಬಲ ಸಮ ಮಾಡಲು ಹೋಗುತ್ತಾರೆ, ಸಮ ಬರುವುದೇ ಇಲ್ಲ! ಇರುವ ಮಿನಾರನ್ನು ಒಂದು ಪಕ್ಕಕ್ಕೆ ಇಡಿ, ಬಿದ್ದ ಮಿನಾರಿನ ಜಾಗದಲ್ಲಿ ಬರೀ ಆಕಾಶ ಬಿಡಿ. ನೋಡುವವರಿಗೆ ಅಲ್ಲಿ ಏನೋ ಇತ್ತು ಅನ್ನಿಸಬೇಕು. ಕಟ್ಟಡದ ಮುಖ ಪೂರ್ವಕ್ಕಿದೆ, ಉಳಿದ ನೀಲಿ ಹೆಂಚುಗಳ ಮೇಲೆ ಬೆಳಗಿನ ಬಿಸಿಲೇ ಚಂದ. ಮಧ್ಯಾಹ್ನ ಮೂರಕ್ಕೆ ಹೋಗಿ ಬಣ್ಣ ಬರಲಿಲ್ಲ ಅನ್ನಬೇಡಿ.

ಪ್ರಶ್ನೆ: ನಮ್ಮ ಮುತ್ಯಾನ (ಅಜ್ಜನ) ಫೋಟೊ ತೊಗರಿ ಹೊಲದಲ್ಲಿ ತೆಗೆದೆ. ಮುಖ ಕಪ್ಪಾಯಿತು, ಮೇಲಾಗಿ ರುಮಾಲಿನಿಂದ ಕರೆಂಟ್ ಕಂಬ ಹುಟ್ಟಿದ ಹಾಗಿದೆ. ಮನೆಯವರೆಲ್ಲ ನಗುತ್ತಿದ್ದಾರೆ. (ಆಳಂದ ತಾಲ್ಲೂಕಿನಿಂದ)

ನಗಲಿ ಬಿಡಿ, ನಾನು ಒಬ್ಬ ವರನ ತಲೆಗೆ ಸೀಲಿಂಗ್ ಫ್ಯಾನ್ ಕಟ್ಟಿದ್ದೇನೆ. ಆಲ್ಬಮ್ ಅಚ್ಚಾಗಿ ಬಂದ ಮೇಲೆ ಗೊತ್ತಾಯಿತು, ಬೀಗರು ಬಾಕಿ ದುಡ್ಡು ಕೊಡಲು ಮೂರು ತಿಂಗಳು ಆಡಿಸಿದರು. ಆವತ್ತಿನಿಂದ ಒಂದು ಅಭ್ಯಾಸ ಆಗಿದೆ. ಒತ್ತುವ ಮೊದಲು ಮುಖ ಬಿಟ್ಟು ಫೋಟೊದ ನಾಲ್ಕು ಅಂಚು ಸುತ್ತಿ ಬರುತ್ತೇನೆ, ಆಮೇಲೆ ತಲೆಯ ಹಿಂದೆ ನೋಡುತ್ತೇನೆ. ಎರಡು ಸೆಕೆಂಡಿನ ಕೆಲಸ. ನಮ್ಮ ಕಣ್ಣು ಪ್ರೀತಿಯವರ ಮುಖಕ್ಕೆ ಅಂಟಿಕೊಂಡಿರುತ್ತದೆ, ಕಂಬ ಕಾಣುವುದೇ ಇಲ್ಲ. ಕ್ಯಾಮೆರಾಕ್ಕೆ ಮುತ್ಯಾನೂ ಒಂದೇ ಕಂಬಾನೂ ಒಂದೇ, ಎರಡನ್ನೂ ಬರೆದುಕೊಳ್ಳುತ್ತದೆ. ಅಂಚಿನಲ್ಲಿ ಅರ್ಧ ಎತ್ತಿನ ಬಾಲ, ಯಾರದೋ ಮೊಣಕೈ, ನೀರಿನ ಬಾಟಲಿ ಏನು ಕಂಡರೂ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಕಂಬ ಕೀಳೋಕಾಗಲ್ಲ, ನೀವು ಸರಿಯಬಹುದು.

ಹಿಂದಿನ ಕಾಲದವರಿಗೆ ಇದರಲ್ಲಿ ಒಂದು ಅನುಕೂಲ ಇತ್ತು ಅಂತ ನನಗೆ ಅನ್ನಿಸುತ್ತದೆ. ನಮ್ಮ ಭಾಗ ಹೈದರಾಬಾದ್ ನಿಜಾಮರ ಕೈಯಲ್ಲಿದ್ದಾಗ ಅವರ ಆಸ್ಥಾನದ ಫೋಟೊಗ್ರಾಫರ್ ರಾಜಾ ದೀನದಯಾಳ್. ಆ ಕಾಲದ ದೊಡ್ಡ ಪೆಟ್ಟಿಗೆ ಕ್ಯಾಮೆರಾದ ಹಿಂದಿನ ಮಸುಕು ಗಾಜಿನ ಮೇಲೆ ಚಿತ್ರ ತಲೆಕೆಳಗಾಗಿ ಬೀಳುತ್ತಿತ್ತು. ತಲೆಕೆಳಗಾದಾಗ ಇದು ಮುತ್ಯಾ, ಇದು ಮರ ಅನ್ನೋದು ಮರೆತು ಬರೀ ಕಪ್ಪು ಬಿಳುಪಿನ ಆಕಾರ ಕಾಣುತ್ತದೆ. ನೀವೂ ತೆಗೆದ ಫೋಟೊವನ್ನು ಉಲ್ಟಾ ತಿರುಗಿಸಿ ನೋಡಿ, ಎಲ್ಲಿ ಭಾರ ಜಾಸ್ತಿ, ಎಲ್ಲಿ ಕಸ ಇದೆ ಅಂತ ತಕ್ಷಣ ಗೊತ್ತಾಗುತ್ತದೆ.

ಮುಖ ಕಪ್ಪಾಗಿದ್ದಕ್ಕೆ ಕಾರಣ ನಮ್ಮ ಬಿಸಿಲು. ನೆತ್ತಿ ಮೇಲಿನ ಸೂರ್ಯ ಕಣ್ಣಿನ ಗುಳಿಯಲ್ಲಿ ನೆರಳು ತುಂಬುತ್ತಾನೆ, ರುಮಾಲು ಸುತ್ತಿದ್ದರೆ ಇನ್ನೂ ಜಾಸ್ತಿ. ಬೇವಿನ ಮರದ ದಟ್ಟ ನೆರಳಿನ ಅಂಚಿಗೆ ಕೂರಿಸಿ, ಮುಖ ಹೊರಗೆ ಬಯಲಿನ ಕಡೆಗಿರಲಿ. ಎಲೆ ಸಂದಿಯಿಂದ ಚುಕ್ಕಿ ಚುಕ್ಕಿ ಬಿಸಿಲು ಬೀಳುವ ಜಾಗ ಬೇಡ. ಹೊಲವೇ ಬೇಕು ಅಂದರೆ ಸಂಜೆ ಹೋಗಿ. ತೊಗರಿ ಸಾಲಿನ ತುದಿಯಲ್ಲಿ ಮುತ್ಯಾನನ್ನು ನಿಲ್ಲಿಸಿ, ನೀವು ಸಾಲಿನ ಈ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು ತೆಗೆಯಿರಿ. ಸಾಲುಗಳೇ ನೋಡುವವರ ಕಣ್ಣನ್ನು ಕೈಹಿಡಿದು ಮುತ್ಯಾನ ಹತ್ತಿರ ಕರೆದುಕೊಂಡು ಹೋಗುತ್ತವೆ. ಗಿಡ ಎದೆಮಟ್ಟ ಬೆಳೆದಿದ್ದರೆ ಕೂತಾಗ ಏನೂ ಕಾಣಲ್ಲ, ಆಗ ಬಂಡಿ ಹತ್ತಿ ಮೇಲಿಂದ ತೆಗೆಯಿರಿ.

ಮುತ್ಯಾನಿಗೆ ನಗು ಅಂತ ಹೇಳಬೇಡಿ. ಈ ಸಲ ಕ್ವಿಂಟಲ್‌ಗೆ ರೇಟು ಎಷ್ಟು ಅಂತ ಕೇಳಿ, ಮುಖ ತಾನೇ ಮಾತಾಡುತ್ತದೆ.

ಪ್ರಶ್ನೆ: ಗ್ರಿಡ್ (ಪರದೆ ಮೇಲಿನ ಅಡ್ಡ ಉದ್ದ ಗೆರೆಗಳು) ಹಾಕಿ ಮೂರು ಭಾಗದ ನಿಯಮ ಪಾಲಿಸಲೇಬೇಕಾ? (ಸೇಡಂ)

ಮೂರು ಭಾಗದ ನಿಯಮ ಅಂದರೆ ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಪಾಲು ಮಾಡಿ, ಮುಖ್ಯವಾದದ್ದನ್ನು ಗೆರೆಗಳು ಕೂಡುವ ಕಡೆ ಇಡುವುದು. ಈ ಹೆಸರನ್ನು ಬರೆದಿಟ್ಟವನು ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್, 1797ರಲ್ಲಿ. ಅದು ಚಿತ್ರ ಬರೆಯುವವರ ಮಾತು. ಫೋಟೊಗ್ರಫಿ ಲೋಕಕ್ಕೆ ಗೊತ್ತಾಗಿದ್ದೇ 1839ರಲ್ಲಿ.

ಗ್ರಿಡ್ ಹಾಕಿಡಿ, ಬಾನಂಚು ಸೊಟ್ಟ ಆಗದೆ ಇರಲು ಅದೊಂದೇ ಸಾಕು. ಉಳಿದದ್ದು ಜಾಗ ನೋಡಿ. ಶಹಾಪುರದ ಮಲಗಿದ ಬುದ್ಧನ ಬೆಟ್ಟಕ್ಕೆ ನಿಯಮ ಚೆನ್ನಾಗಿ ಒಗ್ಗುತ್ತದೆ: ಬೆಟ್ಟದ ಸಾಲು ಕೆಳಗಿನ ಪಾಲಿನಲ್ಲಿ, ಮೇಲೆಲ್ಲ ಆಕಾಶ. ಅದೇ ಕಲಬುರಗಿ ಕೋಟೆಯ ಜಾಮಾ ಮಸೀದಿಗೆ ಹೋದರೆ ನಿಯಮ ಮರೆತುಬಿಡಿ. 1367ರ ಆ ಮಸೀದಿಗೆ ತೆರೆದ ಅಂಗಳವೇ ಇಲ್ಲ, ಇಡೀ ಜಾಗ ಚಾವಣಿ ಕೆಳಗೆ. ಒಳಗೆ ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಇನ್ನೊಂದು. ಅಲ್ಲಿ ಸರಿಯಾಗಿ ನಡುವೆಯೇ ನಿಲ್ಲಬೇಕು. ನಾಲ್ಕು ಬೆರಳು ಆಚೀಚೆ ಆದರೂ ಎಡವಟ್ಟು ಕಾಣುತ್ತದೆ. ಒಳ್ಳೆ ಕಮಾನು ಸಿಕ್ಕಿದರೆ ಯಾರಾದರೂ ಅದರೊಳಗೆ ನಡೆದು ಬರುವವರೆಗೆ ಸುಮ್ನೆ ಕಾಯಿರಿ. ನಮಾಜಿನ ಸಮಯ ಬಿಟ್ಟು ಹೋಗಿ, ಕೇಳಿ ತೆಗೆಯಿರಿ.

ಪ್ರಶ್ನೆ: ಬಿದರಿ (ಕಪ್ಪು ಲೋಹದಲ್ಲಿ ಬೆಳ್ಳಿ ಎಳೆ ಕೂರಿಸಿದ) ಹೂದಾನಿ ಫೋಟೊ ಹಾಕಿ ಮಾರುತ್ತೇವೆ. ಅದರ ಕಪ್ಪು, ಫೋಟೊದಲ್ಲಿ ಬೂದಿ ಬಣ್ಣ ಆಗುತ್ತದೆ. (ಬೀದರ್)

ಕ್ಯಾಮೆರಾ ಕಪ್ಪನ್ನು ನಂಬುವುದಿಲ್ಲ. ಎದುರಿಗೆ ಕಪ್ಪು ಜಾಸ್ತಿ ಇದ್ದರೆ ಬೆಳಕು ಕಡಿಮೆ ಇದೆ ಅಂದುಕೊಂಡು ತಾನೇ ಹೆಚ್ಚಿಸುತ್ತದೆ. ಪರದೆ ಮೇಲೆ ಹೂದಾನಿಯನ್ನು ಒತ್ತಿ ಹಿಡಿಯಿರಿ, ಸೂರ್ಯನ ಗುರುತು ಬಂದಾಗ ಕೆಳಕ್ಕೆ ಎಳೆಯಿರಿ. ಕಪ್ಪು ಕಪ್ಪಾಗುವವರೆಗೆ. ಬೀದರ್ ಕೋಟೆಯ ಮಣ್ಣು ಹಾಕಿದ ನೀರಿನಲ್ಲಿ ಕುದಿಸಿ ಅಷ್ಟು ಕಷ್ಟಪಟ್ಟು ತಂದ ಬಣ್ಣ ಅದು, ಬೂದಿ ಮಾಡಬೇಡಿ.

ಫ್ಲ್ಯಾಶ್ ಬೇಡ. ಕಿಟಕಿ ಪಕ್ಕ ಇಟ್ಟು, ಎದುರು ಬದಿಗೆ ಒಂದು ಬಿಳಿ ಡ್ರಾಯಿಂಗ್ ಶೀಟ್ ನಿಲ್ಲಿಸಿ, ಬೆಳ್ಳಿ ಎಳೆಗಳು ಬೆಳಗುತ್ತವೆ. ಕೆಳಗೆ ಜರಿ ಬಟ್ಟೆ ಹಾಸಬೇಡಿ, ಬೆಳ್ಳಿಯ ಜೊತೆ ಜರಿ ಜಗಳಕ್ಕೆ ಬೀಳುತ್ತದೆ. ಸುತ್ತ ಸ್ವಲ್ಪ ಖಾಲಿ ಜಾಗ ಬಿಡಿ.

ಪ್ರಶ್ನೆ: ಮದುವೆ ಗುಂಪು ಫೋಟೊದಲ್ಲಿ ತುದಿಯಲ್ಲಿದ್ದವರು ದಪ್ಪ ಬರುತ್ತಾರೆ. ನಮ್ಮ ಅತ್ತೆ ಮಾತು ಬಿಟ್ಟಿದ್ದಾರೆ. (ಸುರಪುರ)

ಅತ್ತೆ ತಪ್ಪಲ್ಲ, ನಿಮ್ಮದು. ಅಗಲ ಲೆನ್ಸ್ ಅಂಚಿನಲ್ಲಿರುವುದನ್ನು ಎಳೆಯುತ್ತದೆ. 0.6 ಬಿಟ್ಟು 1ಕ್ಕೆ ಬನ್ನಿ, ಹತ್ತು ಹೆಜ್ಜೆ ಹಿಂದೆ ಹೋಗಿ, ಎರಡು ಸಾಲು ಮಾಡಿ. ಅತ್ತೆಯವರನ್ನು ನಡುವೆ ಕುರ್ಚಿ ಹಾಕಿ ಕೂರಿಸಿ.

ಪ್ರಶ್ನೆ: ಇತ್ತೀಚೆಗೆ ನನ್ನ ಎಲ್ಲ ಫೋಟೊಗಳೂ ಮಂಜು ಕವಿದ ಹಾಗೆ ಬರುತ್ತಿವೆ. ಫೋನ್ ಹಳೇದಾಯಿತಾ? (ಯಾದಗಿರಿ)

ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಬೈಕ್ ಓಡಿಸುತ್ತೀರಾ? ಮೆತ್ತನೆ ಹತ್ತಿ ಬಟ್ಟೆಯಲ್ಲಿ ಲೆನ್ಸ್ ಒರೆಸಿ. ಆಗಲೂ ಹಾಗೇ ಬಂದರೆ, ಲೆನ್ಸ್ ಮೇಲೆ ಅಂಟಿಸಿಕೊಂಡ ಗಾಜು ಏನಾದರೂ ಇದ್ದರೆ ಕಿತ್ತು ನೋಡಿ. ಅದರಡಿಯಲ್ಲಿ ಧೂಳು ಇರುತ್ತದೆ.