ಓದುಗರ ಪ್ರಶ್ನೆ: ಎರಡು ಸಲ ಮತ, ಒಂದಕ್ಕೆ ಮಾತ್ರ ಲೆಕ್ಕ

ಪ್ರಶ್ನೆ: 2016ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಡೆಮಾಕ್ರಟಿಕ್ ಪಕ್ಷದವರು ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸಲು ಎರಡು ಸಲ ಮತ ಹಾಕಿದರಂತೆ. ಕಾಕಸ್‌ನಲ್ಲಿ (ಪಕ್ಷದವರು ಒಟ್ಟಿಗೆ ಸೇರಿ ಬಹಿರಂಗವಾಗಿ ಆರಿಸುವ ಸಭೆ) ಸ್ಯಾಂಡರ್ಸ್ ಗೆದ್ದರು, ಪ್ರೈಮರಿಯಲ್ಲಿ (ಮತಪತ್ರದ ಮೂಲಕ ನಡೆಯುವ ಪಕ್ಷದ ಚುನಾವಣೆ) ಕ್ಲಿಂಟನ್. ಲೆಕ್ಕಕ್ಕೆ ಬಂದದ್ದು ಕಾಕಸ್ ಮಾತ್ರ. ನೀವು ಆಗ ಅಲ್ಲೇ ಇದ್ದಿರಿ. ಇದು ಮೋಸ ಅಲ್ವಾ?

ಉತ್ತರ: ಮೋಸ ಅಲ್ಲ. ಎಲ್ಲವೂ ಮೊದಲೇ ಬರೆದಿಟ್ಟ ನಿಯಮದಂತೆಯೇ ನಡೆಯಿತು. ನ್ಯಾಯವಾಗಿತ್ತಾ ಅಂತ ಕೇಳಿದರೆ ಮಾತ್ರ ಸ್ವಲ್ಪ ತಡವರಿಸುತ್ತೇನೆ. ಯಾಕೆಂದರೆ ನಾನು ಗೆದ್ದ ಕಡೆಯಲ್ಲಿದ್ದೆ.

ಮಾರ್ಚ್ 26, ಶನಿವಾರ, ಬೆಳಿಗ್ಗೆ 10 ಗಂಟೆ. ಸಿಯಾಟಲ್‌ನ ಒಂದು ಶಾಲೆಯ ಊಟದ ಹಾಲ್. ಮಕ್ಕಳ ಬೆಂಚು, ಮೊಣಕಾಲು ಮೇಜಿಗೆ ತಾಗುತ್ತಿತ್ತು. ನಾಲ್ಕಾರು ಬೀದಿಗಳ ಜನಕ್ಕೆ ಒಂದು ಮೇಜು. ಹೆಸರಿನ ಜೊತೆ ಯಾರ ಕಡೆ ಅಂತಲೂ ಹಾಳೆಯಲ್ಲಿ ಬರೆಯಬೇಕು. ಗುಟ್ಟು ಗಿಟ್ಟು ಏನೂ ಇಲ್ಲ, ಎದುರುಮನೆಯವರು ನೋಡುತ್ತಲೇ ಇದ್ದರು. ಒಂದು ಎಣಿಕೆ, ಎರಡೂ ಕಡೆಯವರ ಮಾತು, ಮನಸ್ಸು ಬದಲಿಸಲು ಅವಕಾಶ, ಮತ್ತೆ ಎಣಿಕೆ. ಆಮೇಲೆ ಆ ಲೆಕ್ಕದ ಪ್ರಕಾರ ಮುಂದಿನ ಹಂತದ ಸಭೆಗೆ ಪ್ರತಿನಿಧಿಗಳ ಆಯ್ಕೆ. "ಯಾರು ಹೋಗ್ತೀರಿ?" ಅಂದಾಗ ಎಲ್ಲರೂ ತಲೆ ತಗ್ಗಿಸಿದರು. ಕೊನೆಗೆ ಬಿಡುವಿದ್ದವರು ಕೈ ಎತ್ತಿದರು. ನಿಜ ಹೇಳಬೇಕೆಂದರೆ ನನಗೆ ಆ ಬೆಳಗ್ಗೆ ತುಂಬಾ ಇಷ್ಟವಾಗಿತ್ತು. ಅಕ್ಕಪಕ್ಕದವರ ಜೊತೆ ರಾಜಕೀಯ ಮಾತಾಡಿದ್ದೇ ಅವತ್ತು.

ಪಕ್ಕದ ಮನೆಯ ನರ್ಸ್ ಬಂದಿರಲಿಲ್ಲ. ಶನಿವಾರ ಅವರಿಗೆ ಡ್ಯೂಟಿ. ಅವರು ಕ್ಲಿಂಟನ್ ಕಡೆ. ಕೆಲಸದಲ್ಲಿರುವವರು ಮೊದಲೇ ಬರೆದು ಕಳಿಸಬಹುದಿತ್ತು, ಆದರೆ ಅವರಿಗೆ ಅದು ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ.

ಆ ಕಾಕಸ್‌ಗೆ ಬಂದವರು ಇಡೀ ರಾಜ್ಯದಲ್ಲಿ ಸುಮಾರು 2,30,000 ಜನ. ಸ್ಯಾಂಡರ್ಸ್‌ಗೆ ಹತ್ತಿರ ಹತ್ತಿರ 73%. 101 ಡೆಲಿಗೇಟ್‌ಗಳಲ್ಲಿ (ಪಕ್ಷದ ರಾಷ್ಟ್ರೀಯ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳು) ಅವರಿಗೆ 74, ಕ್ಲಿಂಟನ್‌ಗೆ 27. ಮೇ 24ರ ಪ್ರೈಮರಿಗೆ ಮತಪತ್ರ ಅಂಚೆಯಲ್ಲಿ ಮನೆಗೇ ಬಂತು. ಹಾಕಿದವರು 8 ಲಕ್ಷಕ್ಕೂ ಜಾಸ್ತಿ. ಕ್ಲಿಂಟನ್ 52% ಪಡೆದು ಗೆದ್ದರು. ಅದರಿಂದ ಸಿಕ್ಕ ಡೆಲಿಗೇಟ್ ಸೊನ್ನೆ.

"ಅದು ಲೆಕ್ಕಕ್ಕಿಲ್ಲ ಬಿಡಿ" ಅಂದೆ ನಾನು ಆ ನರ್ಸ್‌ಗೆ, ಬೇಲಿಯ ಈಚೆಯಿಂದ. ಅವರು ನನ್ನ ಮುಖ ನೋಡಿ ಸುಮ್ಮನೆ ಒಳಗೆ ಹೋದರು.

ಒಂದು ಮಾತು ಸೇರಿಸಬೇಕು. ಪ್ರೈಮರಿಗೆ ಬೆಲೆ ಇಲ್ಲ ಅಂತ ಮೊದಲೇ ಗೊತ್ತಿದ್ದರಿಂದ ಅಭ್ಯರ್ಥಿಗಳು ಅದಕ್ಕೆ ಬೆವರು ಸುರಿಸಲಿಲ್ಲ. ಹಾಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆದರೂ ಬಂದ ಜನರ ಸಂಖ್ಯೆ ನೋಡಿ. ಶನಿವಾರ ಬೆಳಿಗ್ಗೆ ಒಂದೆರಡು ಗಂಟೆ ಬಿಡುವು ಮಾಡಿಕೊಳ್ಳಬಲ್ಲವರ ಮತಕ್ಕೆ ಮಾತ್ರ ತೂಕ ಸಿಕ್ಕಿತು. 2020ರ ಹೊತ್ತಿಗೆ ಅಲ್ಲಿನ ಪಕ್ಷವೂ ಡೆಲಿಗೇಟ್ ಹಂಚಲು ಪ್ರೈಮರಿಯನ್ನೇ ಹಿಡಿಯಿತು.

ಪ್ರಶ್ನೆ: ಹಾಗಾದರೆ ಎಲ್ಲ ಕಡೆ ಪ್ರೈಮರಿ ಮಾಡಿದರೆ ಸರಿಹೋಗುತ್ತದಾ?

ಉತ್ತರ: ಇಲ್ಲ. ಹಂಚುವ ರೀತಿ ಬೇರೆಯೇ ಕಥೆ. 2016ರಲ್ಲಿ ಫ್ಲಾರಿಡಾದ ರಿಪಬ್ಲಿಕನ್ ಪ್ರೈಮರಿಯಲ್ಲಿ ಟ್ರಂಪ್‌ಗೆ ಬಂದದ್ದು ಸುಮಾರು 46%. 99 ಡೆಲಿಗೇಟ್‌ಗಳೂ ಅವರಿಗೇ. ಸ್ವಂತ ರಾಜ್ಯದಲ್ಲಿ 27% ತಂದ ರೂಬಿಯೊಗೆ ಒಂದೂ ಇಲ್ಲ.

ಡೆಮಾಕ್ರಟರು ಮತಕ್ಕೆ ತಕ್ಕ ಪಾಲು ಕೊಡುತ್ತಾರೆ, ಆದರೆ ಪಾಲು ಸಿಗಲು ಅಭ್ಯರ್ಥಿಗೆ ಕನಿಷ್ಠ 15% ಮತ ಬೇಕು. ಇದರಲ್ಲಿ ನಾನೇ ಸಿಕ್ಕಿಕೊಂಡೆ. 2020ರಲ್ಲಿ ವಾಷಿಂಗ್ಟನ್ ಪ್ರೈಮರಿ ಮಾರ್ಚ್ 10ಕ್ಕೆ. ಮತಪತ್ರ ಫೆಬ್ರವರಿಯಲ್ಲೇ ಬಂತು. ಆತುರಗಾರ ನಾನು, ಅಭ್ಯರ್ಥಿಗಳಲ್ಲಿ ಒಬ್ಬರಾದ ವಾರನ್‌ಗೆ ಗುರುತು ಹಾಕಿ ಅವತ್ತೇ ಕಳಿಸಿಬಿಟ್ಟೆ. ಮಾರ್ಚ್ 5ಕ್ಕೆ ವಾರನ್ ಕಣದಿಂದ ಹಿಂದೆ ಸರಿದರು. ಕಳಿಸಿದ ಮತಪತ್ರ ವಾಪಸ್ ಬರುತ್ತದಾ? ಅವರಿಗೆ ಸುಮಾರು 9% ಬಂತು, ಡೆಲಿಗೇಟ್ ಒಂದೂ ಇಲ್ಲ. ಬೈಡನ್ ಮತ್ತು ಸ್ಯಾಂಡರ್ಸ್ ನಡುವೆ ಇದ್ದ ಅಂತರ ಬರೀ ಒಂದೂವರೆ ಶೇಕಡಾದಷ್ಟು. ಕೊನೆಯ ದಿನದವರೆಗೆ ಕಾದಿದ್ದ ನರ್ಸ್ ಬೇಲಿಯ ಆಚೆಯಿಂದ ನಕ್ಕರು. ಏನು ಹೇಳಿದರು ಅಂತ ನೀವೇ ಊಹಿಸಿ.

ಪ್ರಶ್ನೆ: ಸೂಪರ್ ಡೆಲಿಗೇಟ್ ಅಂದರೆ ಯಾರು?

ಉತ್ತರ: ಡೆಮಾಕ್ರಟಿಕ್ ಪಕ್ಷದ ಗವರ್ನರ್‌ಗಳು, ಸಂಸತ್ ಸದಸ್ಯರು, ಪದಾಧಿಕಾರಿಗಳು. 1968ರಲ್ಲಿ ಆಗಿನ ಉಪಾಧ್ಯಕ್ಷ ಹಂಫ್ರಿ ಒಂದೂ ಪ್ರೈಮರಿಯಲ್ಲಿ ಸ್ಪರ್ಧಿಸದೆ ಶಿಕಾಗೋ ಸಮಾವೇಶದಲ್ಲಿ ಅಭ್ಯರ್ಥಿಯಾದರು. ಅದಕ್ಕೆ ಎದ್ದ ಗಲಾಟೆಯ ನಂತರ ಆಯ್ಕೆ ಜನರ ಕೈಗೆ ಹೋಯಿತು. ನಾಯಕರಿಗೆ ಸಂಕಟವಾಯಿತು. 1984ರಿಂದ ತಮಗೂ ಕುರ್ಚಿ ಹಾಕಿಕೊಂಡರು. 2016ರಲ್ಲಿ ಇಂಥವರು 700ಕ್ಕೂ ಹೆಚ್ಚು ಇದ್ದರು, ಯಾರಿಗೆ ಬೇಕಾದರೂ ಮತ ಹಾಕಬಹುದಿತ್ತು. 2018ರಲ್ಲಿ ನಿಯಮ ಬದಲಾಯಿತು: ಫಲಿತಾಂಶ ಆಗಲೇ ಖಚಿತವಾಗಿರದಿದ್ದರೆ ಸಮಾವೇಶದ ಮೊದಲ ಸುತ್ತಿನ ಮತದಾನದಲ್ಲಿ ಇವರಿಗೆ ಮತ ಇಲ್ಲ, ಎರಡನೆಯದರಿಂದ ಉಂಟು. 1952ರ ನಂತರ ಎರಡೂ ದೊಡ್ಡ ಪಕ್ಷಗಳಲ್ಲಿ ಅಧ್ಯಕ್ಷ ಅಭ್ಯರ್ಥಿಯ ಆಯ್ಕೆ ಎರಡನೇ ಸುತ್ತಿಗೆ ಹೋಗಿಲ್ಲ.