ಮೈ ನೆನೆಯಿತು, ಮನಸ್ಸು ನೆನೆಯಲಿಲ್ಲ: ಪ್ರೈಡ್ ಮೆರವಣಿಗೆಯ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನವೆಂಬರಿನಲ್ಲಿ ಪ್ರೈಡ್ (ಸಲಿಂಗಿಗಳು, ತೃತೀಯ ಲಿಂಗಿಗಳು ಮತ್ತಿತರರ ಹಕ್ಕಿನ ಮೆರವಣಿಗೆ) ನೋಡೋಣವೆಂದು ನಾವು ಐದು ಜನ ಗೆಳೆಯರು ಬೆಂಗಳೂರಿಗೆ ಬಂದಿದ್ದೆವು. ಶನಿವಾರದಿಂದಲೇ ಜಿಟಿಜಿಟಿ ಮಳೆ. ಟೌನ್ ಹಾಲ್ ಹತ್ತಿರ ಫುಟ್‌ಪಾತಿನಲ್ಲಿ ಛತ್ರಿ ಹಿಡಿದು ಕಾದಿದ್ದೇ ಕಾದಿದ್ದು. ಕೊನೆಗೆ ಮೆರವಣಿಗೆ ಬಂತು, ನೋಡನೋಡುತ್ತಲೇ ಮುಗಿದೂ ಹೋಯಿತು. ವಿದೇಶದ ವಿಡಿಯೊಗಳಲ್ಲಿ ಕಾಣುವಂಥ ಅಲಂಕಾರದ ಲಾರಿ, ದೊಡ್ಡ ಸೌಂಡು ಏನೂ ಇಲ್ಲ. ಮತ್ತೆ ಬರುವುದರಲ್ಲಿ ಅರ್ಥ ಇದೆಯೇ? (ಓದುಗರು, ಶಿವಮೊಗ್ಗ)

ಉತ್ತರ: ಬನ್ನಿ. ಆದರೆ ಫುಟ್‌ಪಾತಿನಲ್ಲಿ ನಿಲ್ಲಬೇಡಿ. ನಮ್ಮಲ್ಲಿ ಪ್ರೈಡ್ ಎಂದರೆ ನಡೆಯುವವರ ಮೆರವಣಿಗೆ. ದಸರಾ ಜಂಬೂಸವಾರಿಯ ಹಾಗೆ ಪಕ್ಕದಲ್ಲಿ ಕೂತು ನೋಡುವುದಕ್ಕೆಂದು ಅದನ್ನು ಕಟ್ಟಿಲ್ಲ. 1999ರ ಜುಲೈ 2ರಂದು ಕೋಲ್ಕತ್ತದಲ್ಲಿ ನಡೆದ ಮೊದಲ ನಡಿಗೆಯಲ್ಲಿ ಇದ್ದವರು ಹದಿನೈದು ಜನರಷ್ಟೆ. ಬೆಂಗಳೂರಿನಲ್ಲಿ ಮೊದಲ ಸಲ ನಡೆದದ್ದು 2008ರ ಜೂನ್ 29ರಂದು. ಆಗ ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ 377ನೇ ಸೆಕ್ಷನ್ ತೆಗೆಯಿರಿ ಎಂಬುದೇ ಮುಖ್ಯ ಕೂಗು. ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಆ ಸೆಕ್ಷನ್ನಿನ ಹಲ್ಲು ಕಿತ್ತಿತು. ಆದರೂ 2023ರ ಅಕ್ಟೋಬರಿನಲ್ಲಿ ಸಲಿಂಗಿಗಳಿಗೆ ಮದುವೆಯ ಹಕ್ಕನ್ನು ಕೊಡಲಿಲ್ಲ. ಹಾಗಾಗಿ ಇಂದಿಗೂ ಇದರ ತಿರುಳು ಘೋಷಣೆ, ತಮಟೆ ಮತ್ತು ಕೊನೆಯ ಭಾಷಣಗಳಲ್ಲಿದೆ. ಎದುರಿಗೆ ಹಾದುಹೋಗುವುದನ್ನಷ್ಟೇ ನೋಡಿ ಹೊರಟವರಿಗೆ ಸಪ್ಪೆ ಎನಿಸದೆ ಇರದು.

ಮಾಡಬೇಕಾದದ್ದು ಇಷ್ಟು. ಮುಗಿಯುವ ಜಾಗಕ್ಕೆ ಹೋಗಬೇಡಿ, ಜನ ಸೇರುವ ಜಾಗಕ್ಕೇ ಹೋಗಿ. ದಾರಿ ವರ್ಷವರ್ಷಕ್ಕೂ ಪೊಲೀಸ್ ಅನುಮತಿಯಂತೆ ಬದಲಾಗಬಹುದು, ಆದ್ದರಿಂದ ಹಿಂದಿನ ದಿನ ಸಂಘಟಕರ ಪ್ರಕಟಣೆ ನೋಡಿಕೊಳ್ಳಿ. ಹೇಳಿದ ಹೊತ್ತಿಗೆ ಹೊರಡುವುದು ಅಪರೂಪ. ಆ ಕಾಯುವ ಒಂದು ಗಂಟೆಯಲ್ಲೇ ಕುಣಿತ, ಪರಿಚಯ, ಬಣ್ಣ ಹಚ್ಚಿಕೊಳ್ಳುವುದು ಎಲ್ಲ ನಡೆಯುತ್ತದೆ. ಸಾಲಿನಲ್ಲಿ ಎಲ್ಲಿ ಸೇರುತ್ತೀರಿ ಎಂಬುದೂ ಮುಖ್ಯ. ತೀರಾ ಮುಂದೆ ಬ್ಯಾನರು ಮತ್ತು ಕ್ಯಾಮೆರಾಗಳ ನೂಕುನುಗ್ಗಲು, ತೀರಾ ಹಿಂದೆ ‘ಬೇಗ ಬೇಗ ನಡೀರಿ’ ಎನ್ನುವ ಪೊಲೀಸರು. ತಮಟೆಯವರ ಹಿಂದೆ ಹತ್ತು ಹೆಜ್ಜೆ ಬಿಟ್ಟು ಸೇರಿಕೊಂಡರೆ ಘೋಷಣೆಯೂ ಕೇಳುತ್ತದೆ, ಕಾಲೂ ತಾನಾಗಿ ಆಡುತ್ತದೆ. ಕೊನೆಯ ಭಾಷಣಗಳ ತನಕ ಇರಿ. ಸರ್ಕಾರಿ ನೇಮಕಾತಿಯಲ್ಲಿ ತೃತೀಯ ಲಿಂಗಿಗಳಿಗೆ 1% ಮೀಸಲಾತಿ ಎಂದು 2021ರಲ್ಲಿ ಕರ್ನಾಟಕ ನಿಯಮ ಮಾಡಿತು. ಅಂಥದ್ದು ಜನರ ಕೈಗೆ ಎಷ್ಟು ತಲುಪಿತು ಎಂಬ ಲೆಕ್ಕ ಕೇಳಬೇಕಾದದ್ದು ಅಲ್ಲೇ.

ಇನ್ನು ಮಳೆ. ಮೇ ತಿಂಗಳ ಸಂಜೆ ಮಳೆ ಗುಡುಗಿ, ಸುರಿದು, ಒಂದು ಗಂಟೆಯಲ್ಲಿ ಬಿಡುತ್ತದೆ. ನವೆಂಬರಿನದು ಹಿಂಗಾರು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ತಮಿಳುನಾಡಿನ ಕರಾವಳಿಯ ಕಡೆ ಬಂದರೆ ಬೆಂಗಳೂರಿನಲ್ಲಿ ಎರಡು ಮೂರು ದಿನ ಮೋಡ, ತುಂತುರು, ಚಳಿಗಾಳಿ. ಶುಕ್ರವಾರ ಸಂಜೆಯ ಹವಾಮಾನ ವರದಿಯಲ್ಲಿ ಈ ಕುಸಿತದ ಮಾತಿದ್ದರೆ ‘ನಿಂತ ಮೇಲೆ ಹೊರಡೋಣ’ ಎಂದು ರೂಮಿನಲ್ಲಿ ಕೂರಬೇಡಿ, ಅದು ನಿಲ್ಲುವುದಿಲ್ಲ. ಗುಂಪಿನಲ್ಲಿ ಛತ್ರಿ ಬೇಡ: ಕಡ್ಡಿ ಪಕ್ಕದವರ ಕಣ್ಣಿನ ಮಟ್ಟಕ್ಕೇ ಬರುತ್ತದೆ, ಹಿಂದಿನವರ ಫಲಕವನ್ನೂ ಮುಚ್ಚುತ್ತದೆ. ಪಾರದರ್ಶಕ ರೇನ್‌ಕೋಟು ಒಳ್ಳೆಯದು, ಒಳಗಿನ ಉಡುಗೆಯೂ ಕಾಣುತ್ತದೆ. ಹವಾಯಿ ಚಪ್ಪಲಿ ಬೆನ್ನ ತನಕ ಕೆಸರು ಎರಚುತ್ತದೆ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿ. ನೀರು ನಿಂತ ಕಡೆ ಫುಟ್‌ಪಾತಿನ ಚಪ್ಪಡಿ ನಂಬಬೇಡಿ, ರಸ್ತೆಯ ನಡುವೆಯೇ ನಡೆಯಿರಿ. ಐದೂ ಜನ ಚದುರಿದರೆ ಎಲ್ಲಿ ಸೇರುವುದೆಂದು ಮೊದಲೇ ಗೊತ್ತು ಮಾಡಿಕೊಳ್ಳಿ. ದಾರಿಯಲ್ಲಿ ಶೌಚಾಲಯ ಸಿಗುವುದು ಕಷ್ಟ, ಹೋಟೆಲಿನಲ್ಲೇ ಮುಗಿಸಿಕೊಂಡು ಬನ್ನಿ.

ಪ್ರಶ್ನೆ: ಡ್ರಾಯಿಂಗ್ ಶೀಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದ ಫಲಕ ಹತ್ತೇ ನಿಮಿಷದಲ್ಲಿ ಕರಗಿ ಕೈಗೆ ಬಂತು. ಮಳೆ ತಡೆಯುವ ಫಲಕ, ಬಾವುಟ ಮನೆಯಲ್ಲೇ ಮಾಡುವುದು ಹೇಗೆ? (ಓದುಗರು, ತುಮಕೂರು)

ಉತ್ತರ: ಸ್ಕೆಚ್ ಪೆನ್ನಿನ ಶಾಯಿ ನೀರಿನದು, ಹರಿಯದೆ ಏನು ಮಾಡೀತು? ಸ್ಟೇಷನರಿ ಅಂಗಡಿಯಲ್ಲಿ 3 ಅಥವಾ 5 ಮಿಲಿಮೀಟರ್ ಸನ್‌ಬೋರ್ಡ್ (ನೀರು ಹೀರದ ಹಗುರ ಪ್ಲಾಸ್ಟಿಕ್ ಹಲಗೆ) ಕೇಳಿ, 2 ಅಡಿಗೆ ಒಂದೂವರೆ ಅಡಿ ಸಾಕು. ಅದಕ್ಕಿಂತ ದೊಡ್ಡದು ಗಾಳಿಗೆ ತಿರುಚಿಕೊಂಡು ಕೈ ನೋಯಿಸುತ್ತದೆ. ಬರೆಯಲು ಅಕ್ರಿಲಿಕ್ ಬಣ್ಣ ಅಥವಾ ಪರ್ಮನೆಂಟ್ ಮಾರ್ಕರ್. ಅಕ್ರಿಲಿಕ್ ಮುಟ್ಟಿದರೆ ಒಣಗಿದಂತೆ ಕಂಡರೂ ಹಿಂದಿನ ರಾತ್ರಿಯೇ ಬರೆದಿಡಿ. ಮೋಡದ ದಿನ ಅದು ನಿಧಾನ.

ಕನ್ನಡದಲ್ಲಿ ಬರೆಯುವವರು ತಪ್ಪುವುದು ಸಾಲುಗಳ ನಡುವಿನ ಜಾಗದಲ್ಲಿ. ಇಂಗ್ಲಿಷಿನ ಅಂದಾಜಿನಲ್ಲಿ ಗೆರೆ ಹಾಕಿಕೊಂಡರೆ ‘ಸ್ವಾತಂತ್ರ್ಯ’ದ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ಹೋಗಿ ಅಂಟಿಕೊಳ್ಳುತ್ತವೆ, ದೂರದಿಂದ ಬರೀ ಮಸಿ ಕಾಣುತ್ತದೆ. ಅಕ್ಷರ 3 ಇಂಚು ಎತ್ತರವಿದ್ದರೆ ಕೆಳಗೆ ಕಡಿಮೆಯೆಂದರೆ 2 ಇಂಚು ಬಿಡಿ. ಒಂದು ಫಲಕಕ್ಕೆ ಮೂರು ನಾಲ್ಕು ಪದ ಸಾಕು. ಹಳದಿಯ ಮೇಲೆ ಕಪ್ಪು ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ. ನೀಲಿಯ ಮೇಲೆ ಕೆಂಪು ಮೋಡದ ಬೆಳಕಿನಲ್ಲಿ ಸತ್ತೇ ಹೋಗುತ್ತದೆ.

ರಟ್ಟೇ ಗತಿ ಎಂದರೆ 2 ಇಂಚಿನ ಪಾರದರ್ಶಕ ಪ್ಯಾಕಿಂಗ್ ಟೇಪನ್ನು ಕೆಳಗಿನಿಂದ ಮೇಲಕ್ಕೆ, ಪ್ರತಿ ಪಟ್ಟಿಯೂ ಕೆಳಗಿನದರ ಮೇಲೆ ಕಾಲು ಇಂಚು ಬರುವಂತೆ ಹಚ್ಚಿ. ಮೇಲಿನಿಂದ ಶುರುಮಾಡಿದರೆ ಪ್ರತಿ ಸಂದಿನಲ್ಲೂ ನೀರು ಇಳಿಯುತ್ತದೆ. ರಟ್ಟು ನೀರು ಕುಡಿಯುವುದು ಅಂಚಿನಿಂದ, ಆದ್ದರಿಂದ ನಾಲ್ಕೂ ಅಂಚಿಗೆ ಟೇಪು ಮಡಿಸಿ ಅಂಟಿಸಬೇಕು.

ಬಾವುಟಕ್ಕೆ ಕಾಟನ್ ಬೇಡ, ನೆಂದು ಭಾರವಾಗಿ ಕೋಲಿಗೆ ಸುತ್ತಿಕೊಳ್ಳುತ್ತದೆ. ಪಾಲಿಯೆಸ್ಟರ್ ಲೈನಿಂಗ್ ಬಟ್ಟೆ ಅಗ್ಗ, ಕೊಡವಿದರೆ ನೀರು ಹಾರುತ್ತದೆ. ಆರು ಬಣ್ಣ, ಮೇಲಿನಿಂದ ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ. ಗಿಲ್ಬರ್ಟ್ ಬೇಕರ್ 1978ರಲ್ಲಿ ಮಾಡಿದ ಮೊದಲ ಬಾವುಟದಲ್ಲಿ ಎಂಟು ಇದ್ದವು, ಮರುವರ್ಷವೇ ಆರಕ್ಕೆ ಇಳಿಯಿತು. 60 ಇಂಚು ಉದ್ದ, 7 ಇಂಚು ಅಗಲದ ಆರು ಪಟ್ಟಿ ಕತ್ತರಿಸಿ. ಎರಡೂ ಬದಿಗೆ ಅರ್ಧರ್ಧ ಇಂಚು ಹೊಲಿಗೆಗೆ ಹೋದರೆ 36 ಇಂಚಿನ ಬಾವುಟ. ಲೈನಿಂಗಿನ ಅಂಚು ಬಿಡಿಬಿಡಿಯಾಗಿ ನೂಲು ಬಿಡುವುದರಿಂದ ಓವರ್‌ಲಾಕ್ ಹೊಲಿಗೆ ಹಾಕಿಸಿ. ಕೋಲಿಗೆ ಮುಕ್ಕಾಲು ಇಂಚಿನ ಪಿವಿಸಿ ಪೈಪು ಸಾಕು. ಬಿದಿರು, ಕಬ್ಬಿಣವನ್ನು ಪೊಲೀಸರು ತಡೆಯಬಹುದು. ಗುಡುಗು ಬಂದರಂತೂ ಲೋಹದ ಕೋಲು ಕೈಯಲ್ಲಿರಲೇಬಾರದು.

ಪ್ರಶ್ನೆ: ಮಳೆಗೆ ತಮಟೆ ಸದ್ದೇ ಬರಲಿಲ್ಲ, ಮೈಕೂ ಕೈಕೊಟ್ಟಿತು. (ಓದುಗರು, ಕೋಲಾರ)

ಉತ್ತರ: ಚರ್ಮ ನೀರು ಹೀರಿದರೆ ಸಡಿಲವಾಗುತ್ತದೆ, ನಾದ ಇಳಿದು ದಬದಬ ಎನ್ನುತ್ತದೆ. ಬೆಂಕಿಗೆ ಕಾಯಿಸಿದರೆ ಬಿಗಿಯಾಗುತ್ತದೆ, ಆದರೆ ನಗರದ ರಸ್ತೆಯಲ್ಲಿ ಒದ್ದೆ ಹುಲ್ಲು ಹಚ್ಚಿ ಕಾಯಿಸುವವರು ಯಾರು? ಮಳೆಯ ಸೂಚನೆ ಇದ್ದರೆ ಫೈಬರ್ ತಮಟೆ ತರಲು ಕಲಾವಿದರಿಗೆ ಮೊದಲೇ ಹೇಳಿ. ನಾದದಲ್ಲಿ ಚರ್ಮದ ಸಮಕ್ಕೆ ಬಾರದಿದ್ದರೂ ಕೊನೆಯ ತನಕ ಒಂದೇ ಸಮ ಇರುತ್ತದೆ. ಮೈಕು ಸಾಮಾನ್ಯವಾಗಿ ಕೈಕೊಡುವುದು ವೈರು ಸೇರುವ ಜಾಗದಲ್ಲಿ. ಕೂಡುವ ಪಿನ್ನಿಗೆ ಪ್ಲಾಸ್ಟಿಕ್ ಸುತ್ತಿ ಟೇಪು ಹಾಕಿ, ಪ್ಲಾಸ್ಟಿಕ್ಕಿನ ಬಾಯಿ ಕೆಳಮುಖವಾಗಿರಲಿ. ಆಂಪ್ಲಿಫೈಯರನ್ನು ಮೇಲಿನಿಂದ ಮಾತ್ರ ಮುಚ್ಚಿ, ಸುತ್ತ ಕಟ್ಟಿಬಿಟ್ಟರೆ ಬಿಸಿಗೆ ತಾನೇ ಬಂದ್ ಆಗುತ್ತದೆ. ಒದ್ದೆಯಾದ ಪಿನ್ನನ್ನು ಜನರೇಟರ್ ಆರಿಸದೆ ಮುಟ್ಟಬೇಡಿ.

ಪ್ರಶ್ನೆ: ಮನೆಯಲ್ಲಿ ಗೊತ್ತಿಲ್ಲ. ಮುಖಕ್ಕೆ ಬಣ್ಣ ಬಳಿದುಕೊಂಡು ಹೋದರೆ ಗುರುತು ಸಿಗದು ಎಂದುಕೊಂಡಿದ್ದೆ, ಮಳೆಗೆ ಎಲ್ಲ ಇಳಿದುಹೋಯಿತು. (ಓದುಗರು, ಊರು ಬೇಡ)

ಉತ್ತರ: ಗುರುತು ಮರೆಸಲು ಬಣ್ಣವನ್ನು ನಂಬಲೇಬೇಡಿ. ಕಾಗದದ ಮುಖವಾಡವೂ ಮಳೆಗೆ ಮೆತ್ತಗಾಗಿ ಜಾರುತ್ತದೆ. ಇಲಾಸ್ಟಿಕ್ ಇರುವ ಬಟ್ಟೆಯ ಮಾಸ್ಕ್, ಅದರ ಮೇಲೆ ದುಪ್ಪಟ್ಟ ಅಥವಾ ಟೋಪಿ ಇರಲಿ. ಜನ ಸಿಕ್ಕಿಬೀಳುವುದು ಮುಖದಿಂದಷ್ಟೇ ಅಲ್ಲ: ಆಫೀಸಿನ ಐಡಿ ಕಾರ್ಡಿನ ಟ್ಯಾಗು, ಕಂಪನಿ ಕೊಟ್ಟ ಬ್ಯಾಗು, ದಿನಾ ತೊಡುವ ಶೂ ಇವೆಲ್ಲ ಪರಿಚಿತರ ಕಣ್ಣಿಗೆ ಬೀಳುತ್ತವೆ. ಸಾಲಿನ ಒಳಗೆ ನಡೆಯಿರಿ, ಅಂಚಿನಲ್ಲಿ ಕ್ಯಾಮೆರಾ ಹೆಚ್ಚು. ಜೊತೆಗೆ ಬಂದವರಿಗೂ ಗುಂಪು ಫೋಟೊ ಹಾಕಬೇಡಿ, ಟ್ಯಾಗ್ ಮಾಡಬೇಡಿ ಎಂದು ಮೊದಲೇ ಹೇಳಿಡಿ. ಅವರು ಒಳ್ಳೆಯ ಮನಸ್ಸಿನಿಂದಲೇ ಹಾಕಿಬಿಡುತ್ತಾರೆ.

ಸುಮ್ಮನೆ ಅಲಂಕಾರಕ್ಕೆ ಬಣ್ಣ ಬೇಕೆಂದರೆ ಮುಖಕ್ಕೆಂದೇ ಮಾಡಿದ ಎಣ್ಣೆಯಂಶದ ಬಣ್ಣ (ಫೇಸ್ ಪೇಂಟ್) ತೆಳ್ಳಗೆ ಹಚ್ಚಿ, ಮೇಲೆ ಪೌಡರ್ ಒತ್ತಿ. ತೆಗೆಯಲು ಮೊದಲು ಕೊಬ್ಬರಿ ಎಣ್ಣೆ, ಆಮೇಲೆ ಸೋಪು. ಕ್ರಾಫ್ಟಿನ ಮಿಂಚುಪುಡಿ ಕಣ್ಣಿನ ಹತ್ತಿರವೂ ಸುಳಿಯಬಾರದು, ನೀರಿನ ಜೊತೆ ಕಣ್ಣಿಗಿಳಿದು ಗೀರುತ್ತದೆ.

ಪ್ರಶ್ನೆ: ಲಂಡನ್ನಿನಲ್ಲಿ ಓದುತ್ತಿದ್ದೇನೆ. ಇಲ್ಲಿನ ಪ್ರೈಡ್‌ನಲ್ಲಿ ಮಳೆಯಲ್ಲಿ ಬ್ಯಾರಿಕೇಡಿನ ಹಿಂದೆ ನಿಂತು ಬರೀ ಕಂಪನಿಗಳ ಹೆಸರು ಓದಿದ್ದಾಯಿತು.

ಉತ್ತರ: ಅಲ್ಲಿ ಮುಖ್ಯ ಮೆರವಣಿಗೆಯೊಳಗೆ ನಡೆಯಲು ನೋಂದಾಯಿತ ಗುಂಪಿನ ಮೂಲಕ ಸಿಗುವ ಕೈಪಟ್ಟಿ ಬೇಕು. ಅರ್ಜಿ ತಿಂಗಳುಗಳ ಮೊದಲೇ ಮುಗಿಯುತ್ತದೆ. ನಿಮ್ಮ ವಿಶ್ವವಿದ್ಯಾಲಯದ ಗುಂಪನ್ನೋ ದಕ್ಷಿಣ ಏಷ್ಯಾದವರ ಗುಂಪನ್ನೋ ವರ್ಷದ ಆರಂಭದಲ್ಲೇ ಕೇಳಿಡಿ. ನಡೆಯುವುದೇ ಮುಖ್ಯ ಎಂದಾದರೆ ತೃತೀಯ ಲಿಂಗಿಗಳ ಹಕ್ಕಿಗಾಗಿ 2019ರಲ್ಲಿ ಶುರುವಾದ ಟ್ರಾನ್ಸ್ ಪ್ರೈಡ್ ಲಂಡನ್‌ಗೆ ಹೋಗಿ, ಅದರ ಸ್ವಭಾವ ಪ್ರತಿಭಟನೆಯದು. ನ್ಯೂಯಾರ್ಕಿನಲ್ಲೂ ಇದೇ ಬೇಸರದಿಂದ 2019ರಲ್ಲಿ ಕಂಪನಿಯ ವಾಹನಗಳಿಲ್ಲದ ಕ್ವಿಯರ್ ಲಿಬರೇಶನ್ ಮಾರ್ಚ್ ಹುಟ್ಟಿಕೊಂಡಿತು.

ಪ್ರಶ್ನೆ: ನೆಂದ ಬಾವುಟ ಮಡಿಸಿಟ್ಟಿದ್ದೆ, ಕೆಂಪು ಹೋಗಿ ಹಳದಿಗೆ ಹತ್ತಿದೆ. ಫೋನೂ ನೆಂದಿದೆ. (ಓದುಗರು, ಹಾಸನ)

ಉತ್ತರ: ಬಾವುಟವನ್ನು ಈಗಲೇ ತಣ್ಣೀರಿನಲ್ಲಿ ಸೋಪುಪುಡಿ ಹಾಕಿ ಅರ್ಧ ಗಂಟೆ ನೆನೆಸಿ. ಕಲೆ ಬಟ್ಟೆಯಲ್ಲೇ ಒಣಗಿದ್ದರೆ ಪೂರ್ತಿ ಹೋಗುವುದು ಅನುಮಾನ. ಬಿಸಿನೀರು, ಇಸ್ತ್ರಿ ಎರಡೂ ಕಲೆಯನ್ನು ಗಟ್ಟಿ ಮಾಡುತ್ತವೆ. ಮುಂದಿನ ಸಲ ಹೊಲಿಯುವ ಮೊದಲೇ ಪ್ರತಿ ಬಣ್ಣದ ತುಂಡನ್ನು ಒದ್ದೆ ಮಾಡಿ ಬಿಳಿ ಕರವಸ್ತ್ರದ ಮೇಲೆ ಒತ್ತಿ ನೋಡಿ, ಬಣ್ಣ ಬಿಟ್ಟರೆ ಅಂಗಡಿಗೆ ವಾಪಸ್ ಕೊಡಿ. ಫೋನನ್ನು ಆರಿಸಿ, ಸಿಮ್ ಟ್ರೇ ತೆಗೆದು, ಚಾರ್ಜಿಂಗ್ ತೂತು ಕೆಳಗೆ ಬರುವಂತೆ ಫ್ಯಾನಿನ ಎದುರು ಒಂದು ದಿನವಾದರೂ ಇಡಿ. ಅಕ್ಕಿಯ ಡಬ್ಬಿಗೆ ಹಾಕಬೇಡಿ, ಅದರ ಧೂಳು ತೂತಿಗೆ ಸೇರುತ್ತದೆ. ಪೂರ್ತಿ ಒಣಗುವ ತನಕ ಚಾರ್ಜಿಗೆ ಹಾಕಬೇಡಿ.