ಯಾವಾಗಲೂ ನಾನೇ ರೋಗಿ

ಪ್ರಶ್ನೆ: ನನ್ನ ಐದು ವರ್ಷದ ಮಗಳು ಸೊಸೈಟಿಯ ಅಂಗಳದಲ್ಲಿ ಡಾಕ್ಟರ್ ಆಟ ಆಡುತ್ತಾಳೆ. ಆರೂವರೆ ವರ್ಷದ ಗೆಳತಿ ಯಾವಾಗಲೂ ಡಾಕ್ಟರ್, ಇವಳು ಯಾವಾಗಲೂ ರೋಗಿ. ಒಪ್ಪದಿದ್ದರೆ ‘ಕಟ್ಟಿ’, ಅಂದರೆ ಟೂ. ಆ ಹುಡುಗಿಯ ತಾಯಿಯೊಡನೆ ಮಾತನಾಡಲೇ? (ಡೊಂಬಿವಲಿ)

ಉತ್ತರ: ಬೇಡ. ಇದೇ ಪ್ರಶ್ನೆ ಒಮ್ಮೆ ಮುಲುಂಡಿನಿಂದ, ಒಮ್ಮೆ ಗೋರೆಗಾಂವಿನಿಂದ ಬರುತ್ತಲೇ ಇದೆ. ಪ್ರತಿ ಪತ್ರದಲ್ಲೂ ಪಾಲಕರಿಗಾದ ಅವಮಾನದ ವಿವರ ಧಾರಾಳವಾಗಿರುತ್ತದೆಯೇ ಹೊರತು, ಮಗು ಅತ್ತಿತೇ, ಮರುದಿನ ತಾನಾಗಿಯೇ ಆಟಕ್ಕೆ ಇಳಿದು ಹೋಯಿತೇ ಎಂಬುದು ಒಂದರಲ್ಲೂ ಇರುವುದಿಲ್ಲ. ಮೊದಲು ಅದನ್ನು ನೋಡಿಕೊಳ್ಳಿ.

ಮಗುವಿಗೇ ಬೇಸರವಾಗಿದ್ದರೂ ‘ನೀನೂ ಒಂದು ಕೊಡು’ ಎಂದು ಕಲಿಸಿ ಕಳುಹಿಸಬೇಡಿ. ಕಲ್ಪನೆಯ ಆಟಕ್ಕೂ ನಿಯಮವಿದೆ, ಆ ನಿಯಮ ಪಾತ್ರದೊಳಗೇ ಇರುತ್ತದೆ ಎಂದು ಸೋವಿಯತ್ ಮನೋವಿಜ್ಞಾನಿ ಲೆವ್ ವೈಗೋಟ್ಸ್ಕಿ 1933ರ ಉಪನ್ಯಾಸವೊಂದರಲ್ಲಿ ವಿವರಿಸಿದ್ದರು. ಡಾಕ್ಟರ್ ಆದವಳು ಡಾಕ್ಟರಂತೆಯೇ ನಡೆದುಕೊಳ್ಳಬೇಕು. ಅವಳ ಅಧಿಕಾರ ಎಲ್ಲಿಂದ ಬಂದಿತೋ ಅದರ ಮಿತಿಯೂ ಅಲ್ಲಿಯೇ ಇದೆ. ಆಟದ ಹೊರಗೆ ನಿಂತು ‘ನಾನು ಬರುವುದಿಲ್ಲ’ ಎಂದರೆ ‘ಕಟ್ಟಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆದರೆ ರೋಗಿಯೇ ಎದ್ದು ಕುಳಿತು, ‘ನನ್ನ ಜ್ವರ ಇಳಿಯಿತು, ಡಾಕ್ಟರಿಗೇ ಕೆಮ್ಮು ಬಂದಿದೆ, ಮಲಗಿ’ ಎಂದರೆ, ಅದನ್ನು ತಳ್ಳಿಹಾಕಲು ದೊಡ್ಡ ಹುಡುಗಿ ತಾನೇ ಕಟ್ಟಿದ ಕಥೆಯನ್ನು ಕೆಡಿಸಬೇಕಾಗುತ್ತದೆ. ಅವಳಿಗೆ ಎಲ್ಲಕ್ಕಿಂತ ಬೇಡದ ಸಂಗತಿ ಅದೇ. ಮನೆಯಲ್ಲಿ ಹತ್ತು ನಿಮಿಷ ನೀವು ಜೋರಿನ ಡಾಕ್ಟರಾಗಿ, ಮಗಳು ರೋಗಿಯಾಗಲಿ. ಉಪಾಯವನ್ನು ಅವಳೇ ಕಂಡುಕೊಳ್ಳುವವರೆಗೆ ಬಾಯಿಗೆ ಮಾತು ತುರುಕದೆ ಕಾಯಿರಿ.

ನಮ್ಮವರ ಮನೆಗಳಲ್ಲಿ ಇನ್ನೊಂದು ಕಾರಣವನ್ನೂ ಕಂಡಿದ್ದೇನೆ. ಮನೆಯಲ್ಲಿ ಕನ್ನಡ, ಅಂಗಳದಲ್ಲಿ ಮರಾಠಿ, ಹಿಂದಿ. ಮಾತು ಥಟ್ಟನೆ ಹೊಳೆಯದ ಮಗುವಿನ ಪಾಲಿಗೆ ರೋಗಿ, ಕೂಸು, ನಾಯಿಮರಿ ಮುಂತಾದ ಮಾತಿಲ್ಲದ ಪಾತ್ರಗಳೇ ಬರುತ್ತವೆ. ‘ಆತಾ ಮೀ ಡಾಕ್ಟರ್’ (ಈಗ ನಾನು ಡಾಕ್ಟರ್) ಎಂಬ ಮರಾಠಿಯ ಮೂರು ಪದ ನಾಲಿಗೆಯಲ್ಲಿದ್ದರೆ ಸಾಕು. ಇದನ್ನು ಓದಿ ಮನೆಯಲ್ಲಿ ಕನ್ನಡ ನಿಲ್ಲಿಸುವವರೂ ಇದ್ದಾರೆ. ನಾನು ಅದನ್ನು ಹೇಳಿಲ್ಲ.

ಕಿವಿ, ಮೂಗಿಗೆ ಕಡ್ಡಿ ಅಥವಾ ಮಣಿ ಹಾಕಿದರೆ, ಬಟ್ಟೆ ಬಿಚ್ಚಿಸಿದರೆ, ‘ಮನೆಯಲ್ಲಿ ಹೇಳಬೇಡ’ ಎಂದು ಹೆದರಿಸಿದರೆ ಮಾತ್ರ ಕಾಯದೆ ಕೆಳಗಿಳಿದು ಹೋಗಿ ಆಟ ನಿಲ್ಲಿಸಿ. ಈ ವಿಷಯದಲ್ಲಿ ನಾನು ಅತಿ ಎಚ್ಚರಿಕೆಯವಳೆಂದು ಸಹೋದ್ಯೋಗಿಗಳು ನಗುತ್ತಾರೆ, ನಗಲಿ.

ಪ್ರಶ್ನೆ: ಬೆರಳಚ್ಚು ಪರೀಕ್ಷೆಯಿಂದ ಮಗುವಿನ ನಾಯಕತ್ವದ ಗುಣ ತಿಳಿಯುತ್ತದೆಯೇ? (ಠಾಣೆ)

ಉತ್ತರ: ಇಲ್ಲ. ಬೆರಳ ಗೆರೆಗಳು ತಾಯಿಯ ಗರ್ಭದಲ್ಲೇ ಮೂಡಿ ಮುಗಿದಿರುತ್ತವೆ. ಅವುಗಳಿಂದ ಸ್ವಭಾವ ಓದುತ್ತೇವೆ ಎನ್ನುವವರು ಹಸ್ತಸಾಮುದ್ರಿಕಕ್ಕೆ ಕಂಪ್ಯೂಟರ್ ಜೋಡಿಸಿದ್ದಾರೆ, ಅಷ್ಟೇ.

ಪ್ರಶ್ನೆ: ಅಳುಕುವ ಮಗುವಿಗೆ ತಾಯತ ಒಳ್ಳೆಯದೋ, ಟಾನಿಕ್ ಒಳ್ಳೆಯದೋ? (ಪುಣೆ)

ಉತ್ತರ: ಎರಡೂ ಅಲ್ಲ.

ಪ್ರಶ್ನೆ: ನನ್ನ ಮಗನೇ ಎಲ್ಲರ ಮೇಲೆ ದಾದಾಗಿರಿ ಮಾಡುತ್ತಾನೆ. (ಮಾಟುಂಗಾ)

ಉತ್ತರ: ಹೀಗೆ ಒಪ್ಪಿಕೊಂಡು ಬರೆಯುವವರು ಅಪರೂಪ. ಗೆಳೆಯರು ಆಟ ಬಿಟ್ಟು ಹೋದಾಗ ಅವರನ್ನು ಚಾಕಲೇಟು ಕೊಟ್ಟು ಕರೆತರುವ ಕೆಲಸವನ್ನು ನೀವು ಮಾಡಬೇಡಿ. ಅವನೇ ಹೋಗಿ, ಯಾವ ಪಾತ್ರ ಬೇಕೆಂದು ಅವರನ್ನು ಕೇಳಿ ಕರೆತರಲಿ.